ಹುಪರಿಯ ಅಜ್ಜನ ಅಂಗೈ

“ಮೈಮ್ಯಾಲೆ ಒಂದ ಪಿನ್ನೂ ಇರಬಾರ್ದ್ರಿ ಅಕ್ಕಾ, ಕೊಳ್ಳಾಗಿಂದೂ ತಗೀರಿ,” ಎಂದರು ಕೊಲ್ಹಾಪುರದ ಸ್ಕ್ಯಾನಿಂಗ್ ಕೇಂದ್ರದ ಸಿಸ್ಟರ್.

ನನ್ನ ಕೊರಳಲ್ಲಿದ್ದದ್ದು ಇಷ್ಟಲಿಂಗವಿರುವ ಬೆಳ್ಳಿ ಕರಡಿಗೆ. ದೀಕ್ಷೆಯಾದಂದಿನಿಂದ ಅದನ್ನು ದೂರ ಇಟ್ಟವಳಲ್ಲ. ಥಲಸ್ಸೇಮಿಯಾ ಇರುವ ನನಗೆ ತಿಂಗಳು ತಿಂಗಳು ರಕ್ತ ಕೊಡುತ್ತಾರೆ. ಆ ರಕ್ತದ ಕಬ್ಬಿಣ ಹೃದಯದಲ್ಲಿ, ಯಕೃತ್ತಿನಲ್ಲಿ ಎಷ್ಟು ಸೇರಿಕೊಂಡಿದೆ ಎಂದು ಎಂಆರ್‌ಐನಲ್ಲಿ ಮೊದಲ ಸಲ ಅಳೆಯುವವರಿದ್ದರು. ಸಿಸ್ಟರ್ ತೋರಿಸಿದ ಕಪಾಟಿನಲ್ಲಿ ಯಾರದೋ ಚಪ್ಪಲಿಗಳಿದ್ದವು. ನಮ್ಮೂರು ನೂಲದಿಂದ ಒಬ್ಬಳೇ ಬಂದಿದ್ದೆ. ಯಾರ ಕೈಗೆ ಕೊಡಲಿ?

ಹೆಂಡತಿಯ ಮೊಣಕಾಲಿನ ಸ್ಕ್ಯಾನಿಗೆ ಕಾಯುತ್ತಿದ್ದ ಅಜ್ಜ ಒಬ್ಬರು ಎದ್ದು ಹೋಗಿ, ಕೈ ತೊಳೆದು ಬಂದು, ಎಡ ಅಂಗೈ ಚಾಚಿದರು. “ಇಲ್ಲಿ ಇಡವ್ವಾ. ನಾ ಹುಪರಿ ಬೆಳ್ಳಿ ಕೆಲಸದಾಂವ. ನಲವತ್ತ ವರ್ಷ ಕರಡಿಗಿ ಮಾಡೀನಿ. ನೆಲಕ್ಕ ಇಡೂದಿಲ್ಲ.”

ಉಸಿರು ಹಿಡಿಯಿರಿ, ಬಿಡಿ ಎಂದು ಯಂತ್ರದೊಳಗೆ ಹೇಳಿದಾಗಲೆಲ್ಲ ನನ್ನ ಧ್ಯಾನ ಆ ಅಂಗೈಯ ಮೇಲೇ. ಹೊರಬಂದು ನೋಡಿದರೆ ಅಜ್ಜ ಎರಡೂ ಕೈಯಲ್ಲಿ ಕರಡಿಗೆ ಮುಚ್ಚಿಕೊಂಡು ಅಲ್ಲಾಡದೆ ಕುಳಿತಿದ್ದರು. ಅವರ ಹೆಂಡತಿ ಕಪ್ಪಿನ ಚಹಾವನ್ನು ಬಸಿಗೆ ಸುರಿದು ಅವರಿಗೆ ಕುಡಿಸುತ್ತಿದ್ದರು.

“ಕೈ ಸೋತಿಲ್ಲೇನ್ರಿ ಅಜ್ಜಾರ?”

“ಇಷ್ಟ ವರ್ಷ ಖಾಲಿವ ಮಾಡಿ ಮಾರೀನವ್ವಾ. ಲಿಂಗ ಇದ್ದದ್ದು ಕೈಯಾಗ ಬಂದದ್ದು ಇವತ್ತ ಮೊದಲ,” ಎಂದರು.

ವರದಿ ಬಂದಿದೆ. ಯಕೃತ್ತಿನಲ್ಲಿ ತುಸು ಕಬ್ಬಿಣವಿದೆ, ಹೃದಯ ನಿರಾಳ. ಮೊದಲೆಲ್ಲ ಪೂಜೆಗೆ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕರಡಿಗೆಯನ್ನು ಪಕ್ಕಕ್ಕೆ ಸರಿಸಿಬಿಡುತ್ತಿದ್ದೆ. ಈಗ ಆ ಖಾಲಿ ಕರಡಿಗೆಯನ್ನೂ ಒಮ್ಮೆ ಕಣ್ಣಿಗೊತ್ತಿಕೊಳ್ಳುತ್ತೇನೆ.