ಕಾಕು ಹಚ್ಚಿದ ದೀಪ

ಗೆಳೆಯರೇ, ಭೂತದ ಸಿನಿಮಾ ಹೇಗೆ ಹೆದರಿಸುತ್ತದೆಂದು ಕಲಿಯುತ್ತಿರುವ ನಮಗೆ ಇವತ್ತು ಕೋಥರೂಡದ ನಮ್ಮ ಮನೆ ಮಾಲಕಿ ಶಾಂತಾ ಕಾಕು ಪಾಠ ಮಾಡಿದರು.

ನಾನೂ ಸಹಪಾಠಿ ದೇಶಪಾಂಡೆಯೂ ಕ್ಲಾಸಿಗಾಗಿ ಭೂತದ ಚಿತ್ರಗಳ ಕಂಪನಿಯೊಂದಕ್ಕೆ ಸಿನಿಮಾಕ್ಕೆ ಮೊದಲು ಪರದೆಯ ಮೇಲೆ ಬರುವ ಲಾಂಛನ ಚಿತ್ರೀಕರಿಸಬೇಕಿತ್ತು. ಎಲ್ಲ ಕಂಪನಿಗಳೂ ಮೊದಲಿಗೆ ದೀಪ ಬೆಳಗಿಸುತ್ತವೆ, ನಮ್ಮದು ಆರಲಿ ಎಂದುಕೊಂಡೆವು. ಹೋದ ವಾರ ಕಾಕುಗೆ ದೀಪ ಊದಲು ಹೇಳಿದರೆ, "ದೀಪ ಯಾರರೆ ಊದಿ ಆರಸ್ತಾರೇನೊ? ಹಚ್ಚು ಅಂದ್ರ ಹಚ್ಚತೀನಿ" ಎಂದರು. ಸರಿ, ಹಚ್ಚುವುದನ್ನೇ ಚಿತ್ರೀಕರಿಸಿ ರೀಲನ್ನು ಹಿಂದುಮುಂದಾಗಿ ಓಡಿಸಿದೆವು. ಈಗ ಉರಿಯುವ ದೀಪದ ಹತ್ತಿರ ಕಾಕು ಕೈ ಬರುತ್ತದೆ, ಬೆಂಕಿಯನ್ನು ಕಡ್ಡಿಗೆ ಎತ್ತಿಕೊಂಡು ಹೋಗುತ್ತದೆ.

ಇವತ್ತಿನ ಪ್ರದರ್ಶನಕ್ಕೆ ಕಾಕು ಹೊಸ ಸೀರೆ ಉಟ್ಟು ಬಂದಿದ್ದರು. ಪರದೆ ಕತ್ತಲಾದಾಗ ಕ್ಲಾಸು ಚಪ್ಪಾಳೆ ತಟ್ಟಿತು. ಕಾಕು ಎದ್ದರು. "ನಾ ಹಚ್ಚಿದ್ದನ್ನ ನನ್ನ ಕೈಲೇ ಆರಸಿದ್ರಲ್ಲೊ" ಎಂದಷ್ಟೇ ಹೇಳಿ ಹೊರಟುಹೋದರು.

ಮೇಷ್ಟ್ರು ಲಾಂಛನವನ್ನು ಹೊಗಳಿದರು.

ಸಂಜೆ ಕಾಕು ನಮ್ಮ ಕಡೆ ನೋಡದೆ ಅಂಗಳದ ತುಳಸಿಗೆ ದೀಪ ಹಚ್ಚಿ ಒಳಗೆ ಹೋದರು. ಗಾಳಿ ಜೋರಾಗಿತ್ತು. ಅದು ಆರಿದರೂ ನಮ್ಮ ತಲೆಗೇ ಬರುತ್ತದೆಂದು, ಭಯದ ಶಾಸ್ತ್ರ ಓದಿದ ಇಬ್ಬರೂ ಎಣ್ಣೆ ತೀರುವವರೆಗೆ ಗಾಳಿಗೆ ಅಡ್ಡ ಕೂತಿದ್ದೆವು.