ಹೆಂಡತಿಯ ಮುಖಕ್ಕೆ ಹಾಕಿದ ಬೆಳಕು

ಲೈಟಪ್ಪನಿಗೆ ಟ್ಯೂಬ್‌ಲೈಟ್ ಕಂಡರಾಗದು. ಯಾರ ಮನೆಗೆ ಹೋದರೂ ಕೂರುವ ಮೊದಲು ಕತ್ತೆತ್ತಿ ಚಾವಣಿ ನೋಡುತ್ತಿದ್ದ. ಅಲ್ಲಿ ಟ್ಯೂಬ್‌ಲೈಟ್ ಇತ್ತೋ, ಕೊಟ್ಟ ಚಹಾವನ್ನು ಅರ್ಧಕ್ಕೇ ಬಿಟ್ಟು ಏನೋ ನೆಪ ಹೇಳಿ ಎದ್ದುಬಿಡುತ್ತಿದ್ದ. "ಅದು ಬೆಳಕಲ್ಲ ಕಣ್ರೀ, ಪೊಲೀಸರ ಪಂಚನಾಮೆ," ಎನ್ನುತ್ತಿದ್ದ. ಸ್ವಂತ ಮನೆಯಲ್ಲಂತೂ ಬಚ್ಚಲಿನಿಂದ ಹಿಡಿದು ಅಡುಗೆಮನೆಯವರೆಗೆ ಬರೀ ಹಳದಿ ಬಲ್ಬುಗಳು. ಸೂಜಿಗೆ ದಾರ ಪೋಣಿಸಬೇಕಾದರೂ ಕಿಟಕಿಗೆ ಹೋಗಬೇಕು ಎಂದು ಹೆಂಡತಿ ಗೊಣಗಿದರೆ, "ಸೂಜಿ ಕಾಣದಿದ್ರೆ ಏನಾಯ್ತು, ನಿನ್ನ ಮುಖ ಚೆನ್ನಾಗಿ ಕಾಣತ್ತಲ್ಲ," ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದ.

ಮದುವೆ, ಹುಟ್ಟುಹಬ್ಬ, ಕಂಪನಿಯವರ ಪಾರ್ಟಿ, ಹಾಡಿನ ಕಾರ್ಯಕ್ರಮ, ಏನೇ ಇರಲಿ, ಯಾವ ದೀಪ ಎಲ್ಲಿರಬೇಕು, ಯಾವಾಗ ಹೊತ್ತಬೇಕು, ಯಾವ ಬಣ್ಣ ಎಷ್ಟು ಬೀಳಬೇಕು ಎಂದು ಯೋಜನೆ ಹಾಕಿ ನಡೆಸಿಕೊಡುವುದು ಅವನ ಕಸುಬು. ಈ ಕಸುಬಿಗೆ ಅವನನ್ನು ತಳ್ಳಿದ್ದೂ ಒಂದು ಟ್ಯೂಬ್‌ಲೈಟೇ. ಅವನ ಮದುವೆಯಾದ ಬಾಡಿಗೆ ಹಾಲಿನಲ್ಲಿ ಅದೊಂದು ನೆತ್ತಿಯ ಮೇಲೆ ನೇರವಾಗಿ ಉರಿಯುತ್ತಿತ್ತು. ಆಲ್ಬಮ್ ಬಂದಾಗ ನೋಡಿದರೆ ಮದುಮಗಳ ಕಣ್ಣಿನಡಿ ಗುಳಿ, ಮೂಗಿನಡಿ ಮೀಸೆಯಂಥ ನೆರಳು. "ನಿಮ್ಮ ಮೀಸೆಗಿಂತ ನನ್ನದೇ ಚೆನ್ನಾಗಿದೆ," ಎಂದು ಹೊಸ ಹೆಂಡತಿ ಮೊದಲು ನಕ್ಕಳು, ಆಮೇಲೆ ಅತ್ತುಬಿಟ್ಟಳು. ಆಗ ಅವನು ಅಂಗಡಿಯೊಂದರಲ್ಲಿ ಸ್ವಿಚ್ಚು, ವೈರು ಮಾರಿಕೊಂಡಿದ್ದ. ತನ್ನ ಕಣ್ಣೆದುರು ಇನ್ನೊಬ್ಬಳು ಮದುಮಗಳು ಹೀಗೆ ಕಾಣಬಾರದು ಎಂದು ಅವತ್ತೇ ಹಟ ಹಿಡಿದ.

ಹಟದ ಜೊತೆಗೆ ಒಂದು ರೂಢಿಯೂ ಬೆಳೆಯಿತು. ಕಾರ್ಯಕ್ರಮದ ದಿನ ಮಧ್ಯಾಹ್ನ, ಖಾಲಿ ಹಾಲಿನ ಪರದೆಗಳನ್ನೆಲ್ಲ ಎಳೆದು ಕತ್ತಲು ಮಾಡಿ, ವೇದಿಕೆಯ ಮೇಲಿನ ಮದುಮಗಳ ಕುರ್ಚಿಯಲ್ಲಿ ಹೆಂಡತಿಯನ್ನು ಕೂರಿಸುತ್ತಿದ್ದ. ಅವಳ ಮುಖಕ್ಕೆ ದೀಪಗಳನ್ನು ತಿರುಗಿಸಿ, ತಾನು ಹಾಲಿನ ಹಿಂದಿನ ತುದಿಯಲ್ಲಿ ದೀಪಗಳನ್ನು ನಡೆಸುವ ಬೋರ್ಡಿನ ಮುಂದೆ ನಿಂತು, ಒಂದೊಂದು ಬಣ್ಣದ ಗುಂಡಿಯನ್ನೂ ಮೆಲ್ಲಗೆ ಮೇಲಕ್ಕೆ ಸರಿಸುತ್ತಿದ್ದ. ಬಿಳಿ ಇಷ್ಟು, ಹಳದಿ ಇಷ್ಟು, ಬೇಕಾದರೆ ಒಂಚೂರು ಕೆಂಪು. ಅವಳ ಮುಖ ಅವನಿಗೆ ಗೊತ್ತಿದ್ದ ಮುಖವಾದ ಕ್ಷಣ "ಬಂತು!" ಎಂದು ಕೂಗುತ್ತಿದ್ದ. ಅವಳು ನಕ್ಕು ಎದ್ದು ಬರುತ್ತಿದ್ದಳು. ಸಂಜೆ ಬರುವ ಮದುಮಗಳು ಎಣ್ಣೆಗಪ್ಪಾಗಿರಲಿ ಕೆಂಪಗಿರಲಿ, ಅಲ್ಲಿಂದ ತುಸು ಆಚೀಚೆ ಮಾಡಿದರೆ ಮುಗಿಯಿತು. ಬೆಳಕು ಅಳೆಯುವ ಮೀಟರು ಇದೆಯಲ್ಲ ಎಂದು ಯಾರಾದರೂ ಬುದ್ಧಿ ಹೇಳಿದರೆ, "ಮೀಟರಿಗೇನು ಮದುವೆ ಮಾಡ್ತೀರಾ?" ಎಂದು ಉರಿದುಬೀಳುತ್ತಿದ್ದ. ಕೆಲಸದವರು ಅವಳನ್ನು ಪ್ರೀತಿಯಿಂದ ಕುರ್ಚಿ ಅತ್ತಿಗೆ ಎನ್ನುತ್ತಿದ್ದರು.

ಈ ವರ್ಷ ಅವನ ದೀಪಗಳಿಗೆ ಏನೋ ಬಡಿಯಿತು. ಎಂದಿನ ಗುರುತಿಗೆ ಗುಂಡಿ ತಂದರೂ ಹೆಂಡತಿಯ ಮುಖ ಬರುತ್ತಿರಲಿಲ್ಲ. ಏನೋ ಸಪ್ಪೆ, ಏನೋ ಬೂದಿ. ಒಂಚೂರು ಕೆಂಪು ಏರಿಸಿದರೆ ಸರಿಹೋಗುತ್ತಿತ್ತು. ಮುಂದಿನ ಸಲ ಇನ್ನೊಂಚೂರು ಬೇಕಾಗುತ್ತಿತ್ತು. ದೀಪಗಳು ಸೋತಿವೆ ಎಂದು ತೀರ್ಮಾನಿಸಿ ಅವುಗಳನ್ನು ಡಬ್ಬಕ್ಕೆ ತುಂಬಿ ಕೊಂಡ ಅಂಗಡಿಗೇ ಹೊತ್ತೊಯ್ದ. ಅಂಗಡಿಯವನು ಬಿಳಿ ಗೋಡೆಗೆ ಹಿಡಿದು ತೋರಿಸಿ, "ಏನಾಗಿದೆ ಸ್ವಾಮಿ, ಹೊಸದರ ಹಾಗಿವೆಯಲ್ಲ," ಎಂದ. ಲೈಟಪ್ಪ ಮೊದಲು ಗೋಡೆಯನ್ನು ಬೈದ, ಆಮೇಲೆ ಅಂಗಡಿಯವನನ್ನು, ದಾರಿಯುದ್ದಕ್ಕೂ ದೀಪ ಮಾಡಿದ ಕಂಪನಿಯನ್ನು. ಅಷ್ಟರಲ್ಲಿ ಒಬ್ಬಳು ಮದುಮಗಳ ತಾಯಿ ಫೋನ್ ಮಾಡಿ, ಫೋಟೋದಲ್ಲಿ ಮಗಳು ಟೊಮೆಟೊ ಹಣ್ಣಿನ ಹಾಗೆ ಕಾಣುತ್ತಾಳೆ ಎಂದು ರೇಗಿದಳು. ಅದನ್ನು ಅವನು ಫೋಟೋದವನ ತಲೆಗೆ ಕಟ್ಟಿದ.

ಹೆಂಡತಿ ವೇದಿಕೆಯ ಮೆಟ್ಟಿಲ ಮೇಲೆ ನಿಂತು ಚಪ್ಪಲಿ ಸರಿಮಾಡಿಕೊಳ್ಳುವುದನ್ನು ಅವನು ನೋಡಿದ್ದ. ಅವಳ ಚಪ್ಪಲಿಗೆ ಈಚೆಗೆ ಪದೇ ಪದೇ ಏನಾಗುತ್ತದೆ ಎಂದು ಯೋಚಿಸಿರಲಿಲ್ಲ. ಊಟದ ತಟ್ಟೆ ಮುಂದೆ ತಳ್ಳಿ "ಹಸಿವಿಲ್ಲ ರೀ" ಎಂದರೆ, ಸಂಜೆ ಏನೋ ತಿಂದಿರಬೇಕು ಅಂದುಕೊಂಡ. ಅವನ ತಲೆಯ ತುಂಬ ದೀಪಗಳೇ ಇದ್ದವು.

ಹೀಗಿರುವಾಗ ಒಂದು ದೊಡ್ಡ ಮದುವೆ ಬಂತು. ಮದುಮಗಳಿಗೆ ಅಲಂಕಾರ ಮಾಡಲು ಗೊತ್ತಾಗಿದ್ದವಳು ಅವನ ಹೆಂಡತಿಯ ತಂಗಿ. ಹೊರ ಊರುಗಳಲ್ಲಿ ಕೆಲಸ ಹಿಡಿದು ತಿಂಗಳುಗಟ್ಟಲೆ ಈ ಕಡೆ ತಲೆ ಹಾಕಿರದವಳು, ಅವತ್ತು ಮಧ್ಯಾಹ್ನ ನೇರವಾಗಿ ಹಾಲಿನ ಹಿಂಬಾಗಿಲಿಂದ ಅಲಂಕಾರದ ಕೋಣೆ ಸೇರಿದ್ದಳು. ಇತ್ತ ವೇದಿಕೆಯ ಮೇಲೆ ಕುರ್ಚಿ ಅತ್ತಿಗೆ ಕೂತಿದ್ದಳು. ಲೈಟಪ್ಪ ಕೆಂಪು ಗುಂಡಿಯನ್ನು ಸರಿಸುತ್ತಾ ಹೋದ. ಅದು ತುದಿ ಮುಟ್ಟಿದಾಗ ಮುಖ ಬಂತು. "ಬಂತು!" ಎಂದ, ಆದರೆ ಗುಂಡಿಗೆ ಮೇಲೆ ಹೋಗಲು ಇನ್ನು ಜಾಗವೇ ಇಲ್ಲದ್ದು ಕಂಡು ಅವನಿಗೆ ಕಸಿವಿಸಿಯಾಯಿತು.

ಜನ ಬರುವ ಮೊದಲು ಒಂದಿಷ್ಟು ಫೋಟೋ ತೆಗೆಯೋಣವೆಂದು ಮದುಮಗಳನ್ನು ಕರೆತಂದರು. ಅವಳು ಕೂತದ್ದೇ ತಡ, ಕನ್ನಡಿ ಕೇಳಿದಳು. ನೋಡಿದವಳ ಕಣ್ಣು ತುಂಬಿತು. ನಾದಿನಿ ಕೈಯಲ್ಲಿ ಬ್ರಷ್ ಹಿಡಿದೇ ಹಾಲಿನ ಉದ್ದಕ್ಕೂ ಬಿರಬಿರನೆ ನಡೆದು ಬೋರ್ಡಿನ ಹತ್ತಿರ ಬಂದಳು.

"ಏನ್ ಭಾವ ಇದು? ಗಂಟೆಗಟ್ಟಲೆ ಕೂತು ಮಾಡಿದೀನಿ, ಎಲ್ಲ ನೀರಲ್ಲಿ ಹೋಮ. ಹುಡುಗಿ ಸುಟ್ಟ ಇಟ್ಟಿಗೆ ಥರ ಕಾಣ್ತಾಳೆ!"

"ಲೈಟು ಸರಿಯಾಗೇ ಇದೆ. ನಿನ್ನ ಬಣ್ಣ ಜಾಸ್ತಿ ಆಗಿದೆ, ಒರೆಸು."

"ಸರಿ ಇದೆ ಅಂತ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ನಿಮ್ಮಕ್ಕನ ಮುಖಕ್ಕೆ ಹಾಕಿದ ಬೆಳಕು ಇದು. ಯಾವತ್ತಾದ್ರೂ ತಪ್ಪಿದ್ಯಾ?"

ನಾದಿನಿ ಹಿಂದೆ ತಿರುಗಿ ವೇದಿಕೆಯತ್ತ ನೋಡಿದಳು. "ಅಕ್ಕ ಎಲ್ಲಿ?" ಎಂದಳು. ಅಕ್ಕ ಪರದೆಯ ಹಿಂದೆ ಮಡಚುವ ಕುರ್ಚಿಯಲ್ಲಿ ಒರಗಿದ್ದಳು. ಕೈಹಿಡಿದು ಅವಳನ್ನು ವೇದಿಕೆಗೆ ಕರೆತಂದು, ಮದುಮಗಳನ್ನು ಒಳಗೆ ಕಳಿಸಿ, ಜೋಡಿ ಕುರ್ಚಿಗಳಲ್ಲಿ ಒಂದರಲ್ಲಿ ಅವಳನ್ನು ಕೂರಿಸಿ ಇನ್ನೊಂದರಲ್ಲಿ ತಾನು ಕೂತಳು. ಇಬ್ಬರದೂ ಒಂದೇ ಅಚ್ಚು, ಒಂದೇ ಬಣ್ಣ. ಚಿಕ್ಕಂದಿನಲ್ಲಿ ಹೆತ್ತ ತಾಯಿಯೇ ಹಿಂದಿನಿಂದ ನೋಡಿ ಹೆಸರು ತಪ್ಪಿ ಕರೆಯುತ್ತಿದ್ದಳಂತೆ.

"ಈಗ ನೋಡಿ ಭಾವ," ಎಂದು ಅಲ್ಲಿಂದಲೇ ಕೂಗಿದಳು.

ಅವನು ನೋಡಿದ. ಹೆಂಡತಿಯ ಮುಖ ಎಂದಿನ ಮುಖವೇ, ಎಲ್ಲ ಸರಿ. ಪಕ್ಕದಲ್ಲಿ ನಾದಿನಿಯ ಮುಖ ಕೆಂಡದಂತೆ ಉರಿಯುತ್ತಿತ್ತು. ಅವನ ಕೈ ತನ್ನಷ್ಟಕ್ಕೆ ಗುಂಡಿಯ ಮೇಲೆ ಹೋಯಿತು. ಕೆಂಪನ್ನು ಇಳಿಸುತ್ತಾ ಬಂದ. ಅರ್ಧಕ್ಕೆ ಬಂದಾಗ ನಾದಿನಿಯ ಕೆನ್ನೆ ತಣ್ಣಗಾಯಿತು. ಇನ್ನೂ ಇಳಿಸಿ, ಹಳೆಯ ಗುರುತಿಗೆ, ಇಷ್ಟು ವರ್ಷ ಎಲ್ಲ ಮದುವೆಗಳಿಗೂ ಇಟ್ಟಿದ್ದ ಗುರುತಿಗೆ ತಂದು ನಿಲ್ಲಿಸಿದ. ನಾದಿನಿ ಲಕ್ಷಣವಾಗಿ ಕಂಡಳು. ಅವಳ ಪಕ್ಕದ ಕುರ್ಚಿಯಲ್ಲಿ ತುಟಿಗೂ ಕೆನ್ನೆಗೂ ವ್ಯತ್ಯಾಸವಿಲ್ಲದ, ಸುಣ್ಣ ಬಳಿದಂಥ ಮುಖದ ಒಬ್ಬಳು ಹೆಂಗಸು ಕೂತಿದ್ದಳು.

ಲೈಟಪ್ಪ ಬೋರ್ಡು ಬಿಟ್ಟು ವೇದಿಕೆಗೆ ಓಡಿದ. ಹತ್ತಿರ ಹೋದರೂ ಮುಖ ಹಾಗೇ ಇತ್ತು.

"ಸ್ವಲ್ಪ ಕೆಂಪು ಏರಿಸಿ ರೀ," ಎಂದಳು ಅವಳು, ತಲೆ ತಗ್ಗಿಸಿ. "ಜನ ಬರೋ ಹೊತ್ತಾಯ್ತು."

"ನಿನಗೆ ಗೊತ್ತಿತ್ತಾ?"

"ಮೈಯಿಂದ ರಕ್ತ ಹೋಗ್ತಾ ಇತ್ತು. ನಿಲ್ಲತ್ತೆ ಅಂದ್ಕೊಂಡೆ." ಉಸಿರು ತೆಗೆದುಕೊಂಡಳು. "ಪ್ರತಿ ಸಲ ಇಲ್ಲಿ ಕೂತಾಗ ಇವತ್ತು ನೋಡ್ತಾರೆ, ಇವತ್ತು ಕೇಳ್ತಾರೆ ಅಂತ ಕಾಯ್ತಿದ್ದೆ. ನೀವು ಬಂತು ಅಂತಿದ್ರಿ. ಅಷ್ಟು ಖುಷಿಯಾಗಿ ಅಂತಿದ್ರಿ. ನನಗೂ ಏನೂ ಆಗಿಲ್ಲ ಅನ್ನಿಸಿಬಿಡ್ತಿತ್ತು."

ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಏಣಿ ಹತ್ತುವ ಹಳೆಯ ಜೊತೆಗಾರನನ್ನು ಕರೆದು ಬೋರ್ಡು ಒಪ್ಪಿಸಿದ. "ಇವಳ ಮುಖಕ್ಕೆ ಇಟ್ಟಿದೀನಿ, ಮುಟ್ಟಬೇಡ," ಎಂದು ನಾದಿನಿಯನ್ನು ತೋರಿಸಿದ. ಕಾರ್ಯಕ್ರಮವನ್ನು ಶುರುವಾಗುವ ಮೊದಲೇ ಬಿಟ್ಟು ಹೊರಟಿದ್ದು ಅವನ ಬದುಕಿನಲ್ಲಿ ಅದೇ ಮೊದಲು. ನಾದಿನಿ ಬಾಗಿಲವರೆಗೂ ಬಂದು, ಗಾಡಿಯಲ್ಲಿ ಅಕ್ಕನ ಬೆನ್ನಿಗೆ ತನ್ನ ಶಾಲು ಮಡಚಿಟ್ಟು ಒಳಗೆ ಓಡಿದಳು.

ಆಸ್ಪತ್ರೆಯ ಕೋಣೆಯಲ್ಲಿ ಟ್ಯೂಬ್‌ಲೈಟ್ ಇತ್ತು. ಲೈಟಪ್ಪ ಅದರ ಕೆಳಗೇ ಕೂತ. ಆ ಬೆಳಕಿನಲ್ಲಿ ಹೆಂಡತಿಯ ಕಣ್ಣಿನಡಿಯ ಗುಳಿ, ಮೂಗಿನಡಿಯ ನೆರಳು, ಆಲ್ಬಮ್ಮಿನಲ್ಲಿ ಇದ್ದಂತೆಯೇ ಕಂಡವು. ಡಾಕ್ಟರಮ್ಮ ಅವಳ ಕೆಳರೆಪ್ಪೆಯನ್ನು ಬೆರಳಿಂದ ಎಳೆದು ನೋಡಿದರು. ಅಂಗೈ ಮಗುಚಿ ನೋಡಿದರು. ಮುಖ ಗಂಭೀರವಾಯಿತು. ದಾಖಲು ಮಾಡಬೇಕು, ರಕ್ತ ಕೊಡಬೇಕು, ರಕ್ತ ಎಲ್ಲಿಂದ ಯಾಕೆ ಹೋಗುತ್ತಿದೆ ಎಂದು ಪರೀಕ್ಷೆ ಆಗುವವರೆಗೆ ಏನೂ ಹೇಳಲಾರೆ ಎಂದರು.

"ಎಷ್ಟು ದಿನದಿಂದ ಹೀಗೆ ಬಿಳಿಚಿಕೊಂಡಿದ್ದೀರಮ್ಮ?"

"ಒಂದು ವಾರ ಇರಬಹುದು," ಎಂದಳು ಹೆಂಡತಿ.

"ಅಲ್ಲ," ಎಂದ ಲೈಟಪ್ಪ. ಅವನ ಬೆರಳು ಮೇಜಿನ ಅಂಚಿನ ಮೇಲೆ ಮೆಲ್ಲಗೆ ಸರಿಯತೊಡಗಿತು. "ಬ್ಯಾಂಕ್ ಮ್ಯಾನೇಜರ್ ಮಗಳ ಮದುವೆಯಲ್ಲಿ ಸರಿ ಇದ್ಲು. ಅಲ್ಲಿ ಕೆಂಪು ಏರಿಸೋದು ಬೇಕಾಗಿರ್ಲಿಲ್ಲ. ಬೇಸಿಗೆ ಶುರುವಿಗೆ ಅವಳಿ ಮಕ್ಕಳ ಹುಟ್ಟುಹಬ್ಬ ಬಂತು, ಅಲ್ಲಿ ಒಂಚೂರು ಹಾಕ್ದೆ. ಕಾಲೇಜಿನ ಕಾರ್ಯಕ್ರಮಕ್ಕೆ ಕಾಲು ಭಾಗ. ಆ ಟೊಮೆಟೊ ಹುಡುಗಿ ಮದುವೆಗೆ ಅರ್ಧದ ಮೇಲೆ. ಇವತ್ತು ಪೂರ್ತಿ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದರು. ಅವನು ಹೇಳಿದ್ದರಲ್ಲಿ ಎಷ್ಟು ಅರ್ಥವಾಯಿತೋ, ಅವಳು ಒಂದೇ ಸಮನೆ ಇಳಿಯುತ್ತಾ ಬಂದದ್ದು ಮಾತ್ರ ಅರ್ಥವಾಗಿತ್ತು.

"ಇಷ್ಟೆಲ್ಲ ಗೊತ್ತಿದ್ದೂ ಆಗಲೇ ಯಾಕ್ರೀ ಕರ್ಕೊಂಡು ಬರ್ಲಿಲ್ಲ?"

"ಲೈಟು ಕೆಟ್ಟಿದೆ ಅಂದ್ಕೊಂಡಿದ್ದೆ ಡಾಕ್ಟ್ರೇ," ಎಂದ.