ಆರು ಗಂಟೆಯ ಬೆಳಕು

ಯಶವಂತಪುರದ ಆ ಮುದ್ರಣಾಲಯಕ್ಕೆ ಕಂಪ್ಯೂಟರ್ ಬಂದಾಗ ನಾನು ಅಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಯಂತ್ರಕ್ಕೆಂದು ಮಹಡಿಯ ಮೇಲೆ ಒಂದು ಸಣ್ಣ ಕೋಣೆ ಕಟ್ಟಿಸಿದರು. ಧೂಳು ಬರಬಾರದೆಂದು ಕಿಟಕಿಗೆ ಗಾಜು ಕೂರಿಸಿ ಸುತ್ತಲೂ ಮೊಳೆ ಹೊಡೆದರು. ಬಾಗಿಲಿಗೆ ಸ್ಪ್ರಿಂಗ್ ಹಾಕಿದರು. ಒಳಗೆ ಕಾಲಿಟ್ಟ ಕೂಡಲೇ ಅದು ಬೆನ್ನ ಹಿಂದೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಚಪ್ಪಲಿ ಹೊರಗೆ, ನೀರಿನ ಲೋಟ ಹೊರಗೆ, ತಿಂಡಿ ಡಬ್ಬಿ ಹೊರಗೆ. ಒಳಗೆ ಏ.ಸಿ., ಒಂದೇ ಟ್ಯೂಬ್‌ಲೈಟು, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಮಧ್ಯಾಹ್ನ ಒಂದರಿಂದ ರಾತ್ರಿ ಎಂಟರವರೆಗೆ ನಾವಿಬ್ಬರು.

ಇನ್ನೊಬ್ಬರು ಯಲಹಂಕದ ಆಚೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಕಂಪೋಸಿಟರ್. ಐವತ್ತು ದಾಟಿದ್ದರು. ಸೀಸದ ಅಕ್ಷರ ಜೋಡಿಸುತ್ತಲೇ ಅಷ್ಟು ವಯಸ್ಸು ಕಳೆದಿದ್ದರು. ನಾನು ಅವರನ್ನು ಯಜಮಾನ್ರೇ ಎನ್ನುತ್ತಿದ್ದೆ. ಕೆಳಗಿನ ಕಂಪೋಸಿಂಗ್ ವಿಭಾಗ ಮುಚ್ಚುವುದು ಖಚಿತವಾಗಿತ್ತು. ಮ್ಯಾನೇಜರು ಇವರಿಗೆ ಮೂರು ತಿಂಗಳ ಗಡುವು ಕೊಟ್ಟಿದ್ದರು: ಯಂತ್ರದ ಮೇಲೆ ಕೈ ಕುದುರಿ ತಪ್ಪು ಕಡಿಮೆಯಾದರೆ ಉಳಿಯಬಹುದು, ಇಲ್ಲವಾದರೆ ಮನೆಗೆ. ಯಾವ ಪುಟದಲ್ಲಿ ಎಷ್ಟು ತಪ್ಪು ಎಂದು ರಿಜಿಸ್ಟರಿನಲ್ಲಿ ಬರೆಯಬೇಕಾದವಳು ನಾನು.

ಕೆಳಗೆ ಕೆಲಸ ಮಾಡುವಾಗ ಪ್ರತಿ ಕಂಪೋಸಿಟರಿಗೂ ತನ್ನದೇ ಒಂದು ಬಲ್ಬು ಇರುತ್ತಿತ್ತು. ಅದರ ವೈರಿಗೆ ಅವರವರ ಎತ್ತರಕ್ಕೆ ಗಂಟು ಹಾಕಿ, ಹಾಳಾದ ಕಾಗದದ ಟೋಪಿ ತೊಡಿಸಿ, ಕಣ್ಣಿಗೆ ಬೇಕಾದಷ್ಟೇ ಬೆಳಕು ಬೀಳುವಂತೆ ಮಾಡಿಕೊಳ್ಳುತ್ತಿದ್ದರು. ಒಬ್ಬರ ಗಂಟನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಮೇಲಿನ ಕೋಣೆಯಲ್ಲಿ ಬೆಳಕು ಪರದೆಯ ಒಳಗಿನಿಂದಲೇ ಬರುತ್ತಿತ್ತು. ಅದನ್ನು ಹೆಚ್ಚು ಕಡಿಮೆ ಮಾಡುವ ಸಣ್ಣ ತಿರುಗುಗುಂಡಿ ಪರದೆಯ ಬೆನ್ನಿಗಿತ್ತು. ಯಂತ್ರ ಕೂರಿಸಲು ಬಂದ ಎಂಜಿನಿಯರು ಒಂದು ಮಧ್ಯಾಹ್ನ, ಪಶ್ಚಿಮದ ಕಿಟಕಿಯಿಂದ ಬಿಸಿಲು ಸುರಿಯುತ್ತಿದ್ದಾಗ, ಅಕ್ಷರ ಕಾಣಲೆಂದು ಅದನ್ನು ಪೂರ್ತಿ ತಿರುಗಿಸಿ, ಮೇಲೆ ಟೇಪು ಅಂಟಿಸಿ ಸಹಿ ಹಾಕಿ ಹೋದರು. ಯಾರೂ ಮುಟ್ಟಕೂಡದು, ಮುಟ್ಟಿದರೆ ರಿಪೇರಿಯ ಜವಾಬ್ದಾರಿ ತಮ್ಮದಲ್ಲ ಎಂದರು.

ಬಿಸಿಲಿರುವವರೆಗೆ ತೊಂದರೆ ಇರಲಿಲ್ಲ. ಆರು ಗಂಟೆಯ ಹೊತ್ತಿಗೆ ಕಿಟಕಿ ಕಪ್ಪಾಗುತ್ತಿತ್ತು, ಪರದೆ ಹಾಗೇ ಉರಿಯುತ್ತಿತ್ತು. ಅಕ್ಷರಗಳು ಅಂಚು ಊದಿಕೊಂಡು ಒಂದಕ್ಕೊಂದು ಅಂಟಿದಂತೆ ಕಾಣುತ್ತಿದ್ದವು. ಯಜಮಾನರ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

“ಎದುರುಗಡೆಯಿಂದ ಲಾರಿ ಬಂದಂಗೆ ಆಯ್ತದೆ ಕಣಮ್ಮ. ಈ ಲಾರಿ ಪಕ್ಕಕ್ಕೂ ಓಗಲ್ಲ, ಮುಂದಕ್ಕೂ ಓಗಲ್ಲ” ಎಂದರು ಒಮ್ಮೆ. ಇನ್ನೊಂದು ದಿನ, “ಈ ಅಸ್ರು ಬಣ್ಣನಾದ್ರೂ ಬದಲಾಯಿಸಾಕಾಗಲ್ವಾ?” ಎಂದು ಕೇಳಿದರು.

ಆಗುತ್ತಿರಲಿಲ್ಲ. ಆ ಪರದೆಗೆ ಗೊತ್ತಿದ್ದುದು ಒಂದೇ ಬಣ್ಣ. ಗಣೇಶನ ಪೆಂಡಾಲಿನಲ್ಲಿ ಟ್ಯೂಬ್‌ಲೈಟಿಗೆ ಸುತ್ತುವ ಹಳದಿ ಹಾಳೆ ತಂದು ಪರದೆಗೆ ಅಂಟಿಸಿ ನೋಡಿದರು. ಹಿಂದಿದ್ದ ಟ್ಯೂಬ್‌ಲೈಟು ಅದರಲ್ಲಿ ಉದ್ದಕ್ಕೆ ಹೊಳೆದು ನಡುವಿನ ಸಾಲುಗಳೇ ಮಾಯವಾದವು. ಮರುದಿನ ಮ್ಯಾನೇಜರು ಕಿತ್ತೆಸೆದರು. “ಇದೇನ್ರೀ, ಆರ್ಕೆಸ್ಟ್ರಾ ಮಾಡ್ತಿದೀರಾ ಇಲ್ಲಿ?”

ಮೊದಲ ತಿಂಗಳಲ್ಲೇ ನಾನು ಒಂದು ಕೆಲಸ ಮಾಡಿದೆ. ಪ್ರತಿ ಪುಟದ ತಪ್ಪಿನ ಪಕ್ಕದಲ್ಲಿ ಅದು ಕಂಪೋಸ್ ಆದ ಗಂಟೆಯನ್ನೂ ಬರೆಯತೊಡಗಿದೆ. ಯಾರೂ ಕೇಳಿರಲಿಲ್ಲ. ಆರಕ್ಕೆ ಮುಂಚಿನ ಪುಟಗಳು ಸ್ವಚ್ಛ, ಆಮೇಲಿನವುಗಳ ತುಂಬ ನನ್ನ ಕೆಂಪು ಗುರುತು. ದೋಷ ಬೆಳಕಿನದು, ಮನುಷ್ಯನದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡವೆಂದುಕೊಂಡೆ. ಯಜಮಾನರು ಒಮ್ಮೆ ಬಗ್ಗಿ ನೋಡಿ, “ಗಂಟೆ ಯಾಕಮ್ಮ ಬರ್ಕತೀಯ?” ಎಂದರು. ನಿಮ್ಮ ಒಳ್ಳೆಯದಕ್ಕೇ ಎಂದೆ.

ಎರಡನೆಯ ತಿಂಗಳ ಕೊನೆಗೆ ರಿಜಿಸ್ಟರನ್ನು ಮ್ಯಾನೇಜರ ಮೇಜಿನ ಮೇಲಿಟ್ಟೆ. ಅವರು ಬೆರಳಿಟ್ಟು ಓದಿದರು.

“ಒಳ್ಳೇ ಕೆಲಸ ಮಾಡಿದೀರಿ. ಸಂಜೆ ಆದ್ಮೇಲೆ ಅವ್ರಿಗೆ ಕಣ್ ಕಾಣಲ್ಲ ಅಂತ ನನಗೂ ಅನುಮಾನ ಇತ್ತು. ಈಗ ನೀವೇ ಬರ್ದುಕೊಟ್ರಿ.”

“ಕಣ್ಣಲ್ಲ ಸರ್, ಪರದೆ. ಒಂದು ದಿನ ಏಳರ ತನಕ ನೀವು ಕೂತು ನೋಡಿ.”

“ಬೆಳಗಿನ ಪಾಳೀಲಿ ಇದೇ ಯಂತ್ರದ ಮುಂದೆ ಕೂರೋ ಹುಡುಗನಿಗೆ ಇಲ್ಲದ ತೊಂದರೆ ಇವರಿಗ್ಯಾಕ್ರೀ? ಐದೂವರೆಗೆ ನನ್ ಬಸ್ಸು. ಇರ್ಲಿ, ಇನ್ನೊಂದು ತಿಂಗಳು ಇದೆಯಲ್ಲ, ನೋಡೋಣ.”

ಅವರು ಐದೂವರೆಗೆ ಹೊರಟರು. ಅವರ ಮಟ್ಟಿಗೆ ಆ ಕೋಣೆಯಲ್ಲಿ ಯಾವಾಗಲೂ ಬಿಸಿಲೇ. ನಾನು ಬರೆದುದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದೇ ಕಾಗದದಿಂದ ಯಜಮಾನರು ಕೆಲಸ ಕಳೆದುಕೊಳ್ಳುವವರಿದ್ದರು.

ಆ ಸಂಜೆ ನಡೆದುದನ್ನು ಅವರಿಗೆ ಹೇಳಿದೆ. ಅವರು ಬೈಯಲಿಲ್ಲ. ಏ.ಸಿ.ಯ ಚಳಿಗೆ ಸುತ್ತಿಕೊಂಡಿದ್ದ ಮಫ್ಲರನ್ನು ಬಿಚ್ಚಿ ಕಣ್ಣೊರೆಸಿಕೊಂಡು, “ನೀನು ಬರೀದೇ ಇದ್ರೂ ಕಳ್ಸೋರೇ ಬಿಡು” ಎಂದು ಮತ್ತೆ ಕೀಲಿಮಣೆಗೆ ಕೈಯಿಟ್ಟರು. ಸ್ವಲ್ಪ ಹೊತ್ತಿಗೆ ನಾನು ಎದ್ದೆ. ಪರದೆಯನ್ನು ಮೇಜಿಗೆ ಬಿಗಿದಿದ್ದರು. ಅದಕ್ಕೂ ಗೋಡೆಗೂ ನಡುವೆ ನನ್ನ ತೆಳು ಅಂಗೈ ಅಡ್ಡ ತೂರುವಷ್ಟೇ ಸಂದು. ಟೇಪನ್ನು ಒಂದು ತುದಿಯಿಂದ ಬಿಡಿಸಿದೆ. ಗುಂಡಿ ಇದ್ದ ಜಾಗಕ್ಕೆ ಪೆನ್ಸಿಲ್ಲಿನಿಂದ ಗೆರೆ ಹಾಕಿದೆ. ಆಮೇಲೆ ತಿರುಗಿಸಿದೆ.

“ಇನ್ನೂ. ಇನ್ನೊಸಿ. ಆಂ, ನಿಲ್ಸು. ಅಯ್ಯೋ, ಅಕ್ಸರನೇ ಒಂಟೋಯ್ತು. ಒಸಿ ವಾಪಸ್ ತಿರುಗ್ಸು. ಸಾಕು.”

ಬಂದು ನೋಡಿದೆ. ಅಕ್ಷರಗಳು ಬಾಡಿದ ವೀಳ್ಯದೆಲೆಯ ಬಣ್ಣಕ್ಕೆ ಇಳಿದಿದ್ದವು. ಸುತ್ತಲಿನ ಕಪ್ಪು ನಿಜವಾಗಿ ಕಪ್ಪಾಗಿತ್ತು. ಒಂದೊಂದು ಅಕ್ಷರವೂ ತನ್ನ ಜಾಗದಲ್ಲಿ ನಿಂತಿತ್ತು. ಯಜಮಾನರು ಎಂಟರವರೆಗೆ ಕೆಲಸ ಮಾಡಿದರು. ಕೊನೆಯ ಪುಟದಲ್ಲಿ ಎರಡೇ ತಪ್ಪು. ಹೊರಡುವ ಮುಂಚೆ ಗುಂಡಿಯನ್ನು ಗೆರೆಗೆ ಮರಳಿಸಿ ಟೇಪು ಒತ್ತಿದೆ. ಅವರ ದಪ್ಪ ಕೈ ಆ ಸಂದಿಗೆ ಹೋಗುತ್ತಿರಲಿಲ್ಲ. ಹಾಗಾಗಿ ದಿನವೂ ಆರಕ್ಕೆ ತಗ್ಗಿಸುವುದು, ಎಂಟಕ್ಕೆ ಏರಿಸುವುದು ನನ್ನ ಪಾಲಿಗೆ ಬಂತು. ರಿಜಿಸ್ಟರಿನಲ್ಲಿ ಎಲ್ಲವನ್ನೂ ಬರೆದೆ, ಇದೊಂದನ್ನು ಬಿಟ್ಟು.

ಗಡುವಿನ ದಿನ ಮ್ಯಾನೇಜರು ಇಬ್ಬರನ್ನೂ ಕರೆದರು. ಮೂರನೆಯ ತಿಂಗಳ ಪುಟಗಳನ್ನು ಎರಡು ಸಲ ತಿರುವಿದರು.

“ಏನ್ರೀ ಇದು, ಹೊಸ ಕನ್ನಡಕ ಹಾಕಿಸಿದ್ರಾ?”

ಯಜಮಾನರು ನನ್ನ ಕಡೆ ನೋಡಲಿಲ್ಲ. “ಅಭ್ಯಾಸ ಆಯ್ತು ಸಾಮಿ.”

“ನೀವೇನಂತೀರಿ?” ಎಂದು ನನ್ನನ್ನು ಕೇಳಿದರು. ನಿಜ ಹೇಳಿದರೆ ಟೇಪು ಕಿತ್ತ ತಪ್ಪು ಯಜಮಾನರ ತಲೆಗೇ ಬರುತ್ತಿತ್ತು. ಅಭ್ಯಾಸ ಆಗಿದೆ ಸರ್ ಎಂದೆ.

“ಹಾಗಾದ್ರೆ ಸಂಜೆ ಪಾಳಿ ಇನ್ಮೇಲೆ ಕಾಯಂ ನಿಮ್ಮದೇ” ಎಂದರು ಯಜಮಾನರಿಗೆ.

ಯಜಮಾನರು ಉಳಿದರು. ಮುಂದಿನ ವರ್ಷ ಬೆಳಗಿನ ಪಾಳಿಯಲ್ಲಿ ಕರಡು ತಿದ್ದುವ ಜಾಗ ಖಾಲಿಯಾಯಿತು. ಅದು ಕೆಳಗಿನ ದೊಡ್ಡ ಹಾಲ್‌ನಲ್ಲಿ, ತೆರೆಯುವ ಕಿಟಕಿಗಳ ಪಕ್ಕದಲ್ಲಿ. ನಾನು ಬೇಕೆಂದು ಹಿಂದೆಯೇ ಅರ್ಜಿ ಕೊಟ್ಟಿದ್ದ ಜಾಗ. ಮ್ಯಾನೇಜರು ನೆನಪಿಟ್ಟುಕೊಂಡು ಕರೆದರು. ಬೇಡ ಎಂದಾಗ ಅವರಿಗೆ ಆಶ್ಚರ್ಯವಾಯಿತು. ಕಾರಣ ಬರೆದುಕೊಡಿ ಎಂದರು. ಆರು ಗಂಟೆಯ ಗುಂಡಿಯ ಮಾತು ಬಿಟ್ಟು, ಸಂಜೆಯ ಪಾಳಿಯೇ ನನಗೆ ಅನುಕೂಲ ಎಂದು ಬರೆದು, ಕೆಳಗೆ ಸಹಿ ಹಾಕಿದೆ.